ಬಾಕಿ ಉಳಿದ ಜಡೆ

೧೯೬೧ನೆಯ ಇಸವಿ ಡಿಸೆಂಬರ್ ಒಂಬತ್ತು, ಶನಿವಾರ. ಬೆಳಗಿನ ಎಂಟು ಗಂಟೆಗೆ ಸುಗುಣಾಳ ತಲೆಯಿಂದ ಹದಿನೇಳು ಹೇನುಗಳು ಬಿಳಿ ಅರಿವೆಯ ಮೇಲೆ ಉದುರಿದ್ದವು. ಹದಿನೆಂಟನೆಯದು ಹೇನೋ ಎಳ್ಳಿನ ಕಾಳೋ ತಿಳಿಯದೆ ಅವ್ವ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

"ಇದು ತಲಿ ಅಲ್ಲ, ಶನಿವಾರದ ಸಂತಿ," ಎಂದಳು ಅವ್ವ.

"ನೋಯತೈತಿ ಅವ್ವ. ಮೆಲ್ಲಕ ಬಾಚು."

"ಮೆಲ್ಲಕ ಬಾಚಿದ್ರ ಅವು ಕೈಗೆ ಸಿಗತಾವೇನು? ಸುಮ್ಮನ ಕುಂಡ್ರು."

ಸುಗುಣಾಳಿಗೆ ಹತ್ತು ವರ್ಷ. ಹುಬ್ಬಳ್ಳಿಯಲ್ಲಿ ಚರ್ಚಿನ ಹಿಂದಿನ ಸಾಲುಮನೆಗಳಲ್ಲಿ ಅವರ ಮನೆ. ಆ ಹೊತ್ತು ಹಿತ್ತಲಿನಲ್ಲಿ ಕುಳಿತು ಅವಳು ಅಳುತ್ತಿದ್ದುದು ನೋವಿಗಲ್ಲ, ಒಂದು ಕಿರೀಟಕ್ಕಾಗಿ.

ಕ್ರಿಸ್‌ಮಸ್‌ಗೆ ಇನ್ನು ಎರಡೇ ವಾರ. ಚರ್ಚಿನ ನಾಟಕದಲ್ಲಿ ಐವರು ದೇವದೂತರು. ಅವರಲ್ಲಿ ಮಾತನಾಡುವವಳು ಒಬ್ಬಳೇ, ಅವಳೇ ಸುಗುಣಾ. ಅವಳು ಕೂದಲು ಇಳಿಬಿಟ್ಟು, ಬಂಗಾರದ ಬಣ್ಣದ ಕಿರೀಟ ತೊಟ್ಟು ನಿಲ್ಲಬೇಕು. ಆದರೆ ನಾಟಕ ಕಲಿಸುವ ದಾನಿಯೇಲ ಮಾಸ್ತರರು ಹಿಂದಿನ ಭಾನುವಾರವೇ ಒಂದು ನೇಮ ಮಾಡಿದ್ದರು. ಹೇನಿದ್ದ ತಲೆಗೆ ಕಿರೀಟವಿಲ್ಲ. ಸುಗುಣಾಳ ಮಾತುಗಳನ್ನೆಲ್ಲ ಇನ್ನೊಬ್ಬ ದೇವದೂತಳಾದ ಎಸ್ತರ್ ಆಗಲೇ ಬಾಯಿಪಾಠ ಮಾಡಿಕೊಂಡಿದ್ದಳು. ಯಾರೂ ಹೇಳಿರಲಿಲ್ಲ, ಆದರೂ ಮಾಡಿಕೊಂಡಿದ್ದಳು.

"ಎಲ್ಲಿಂದ ಬಂದುವು ಇವು?" ಸುಗುಣಾ ಕೇಳಿದಳು.

"ಇನ್ನೆಲ್ಲಿಂದ? ನಿಮ್ಮಜ್ಜಿ ಶನಿವಾರಕ್ಕೊಮ್ಮೆ ಎಲ್ಲಿ ಹೋಗತಾರ, ಅಲ್ಲಿಂದ."

ಅಜ್ಜಿ ಮಾರ್ತವ್ವ ಪ್ರತಿ ಶನಿವಾರ ಸಂಜೆ ದವಾಖಾನೆಯ ಹೆಂಗಸರ ವಾರ್ಡಿಗೆ ಹೋಗುತ್ತಿದ್ದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ, ಕಟ್ಟಿಗೆಯ ಹಣಿಗೆ, ತನ್ನ ತಲೆಗೆ ಕಟ್ಟಿಕೊಳ್ಳಲು ತೊಳೆದ ಬಿಳಿ ಅರಿವೆ. ನೋಡಿಕೊಳ್ಳಲು ಮನೆಯವರಿಲ್ಲದ ರೋಗಿಗಳ ತಲೆ ಬಾಚಿ, ಜಡೆ ಹಾಕಿ ಬರುತ್ತಿದ್ದಳು. ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೋಗುತ್ತಾಳೆಂದು ಚರ್ಚಿನಲ್ಲಿ ಯಾರೂ ಮಾತನಾಡಿದ್ದೂ ಇಲ್ಲ.

ರಾತ್ರಿ ಊಟಕ್ಕೆ ಮುಂಚಿನ ಪ್ರಾರ್ಥನೆಯಲ್ಲಿ ಮಾತ್ರ ಅಜ್ಜಿ ಆ ತಲೆಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದಳು. ಅಬೀದಾ, ದುರಗವ್ವ, ಶೇವಂತಿ. ಆಗ ಸುಗುಣಾಳ ಕಣ್ಣುಗಳು ಮುಚ್ಚಿರುತ್ತಿದ್ದವು, ಮೂಗು ಮಾತ್ರ ರೊಟ್ಟಿಯ ಕಡೆಗೇ ಇರುತ್ತಿತ್ತು.

"ಅತ್ತೀ, ಸ್ವಲ್ಪ ಬರ್ರಿ," ಅವ್ವ ಕರೆದಳು. "ನಿಮ್ಮ ತಲಿನೂ ನೋಡತೇನಿ."

ಅಜ್ಜಿ ಬಂದು ಕುಳಿತಳು. ಅವ್ವ ಬೈತಲೆಯಿಂದ ಕಿವಿಯವರೆಗೆ, ಕಿವಿಯಿಂದ ಕುತ್ತಿಗೆಯವರೆಗೆ ಹುಡುಕಿದಳು. ಒಂದೂ ಸಿಗಲಿಲ್ಲ.

"ನೋಡ್ರಿ, ನಿಮ್ಮ ತಲ್ಯಾಗ ಒಂದೂ ಉಳದಿಲ್ಲ. ಎಲ್ಲಾ ಇಕಿ ತಲಿಗೆ ಹೋಗ್ಯಾವ."

"ಹಂಗಾದ್ರ ನನ್ನ ತಲಿ ಹುಬ್ಬಳ್ಳಿ ಟೇಶನ್ ಆತು," ಎಂದಳು ಅಜ್ಜಿ. "ಇಲ್ಲಿ ಇಳದು, ಗಾಡಿ ಬದಲಿ ಮಾಡಿ ಮುಂದ ಹೋದುವು."

ಅವ್ವ ನಕ್ಕಳು. ಸುಗುಣಾ ನಗಲಿಲ್ಲ.

ಅಜ್ಜಿಯೇ ಸೀತಾಫಲದ ಬೀಜ ಕುಟ್ಟಿ, ಅರೆದು, ಮೊಮ್ಮಗಳ ತಲೆಗೆ ಹಚ್ಚಿದಳು. ಅದು ಕಣ್ಣಿಗಿಳಿದರೆ ಉರಿ ತಾಳಲಾಗದು. ಅದಕ್ಕೆ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಮಧ್ಯಾಹ್ನದವರೆಗೆ ಅಲುಗಾಡದೆ ಕೂರಿಸಿದರು. ಆಮೇಲೆ ಸೀಗೆಕಾಯಿ ಹಾಕಿ ತೊಳೆದು, ಅವ್ವ ಇನ್ನೊಮ್ಮೆ ಹುಡುಕಿ, "ಈಗ ಒಂದೂ ಇಲ್ಲ," ಎಂದಳು. ಅವ್ವನ ಸಣ್ಣ ಹಲ್ಲಿನ ಹಣಿಗೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿಟ್ಟರು.

ಮೂರೂವರೆಗೆ ಅಜ್ಜಿ ದವಾಖಾನೆಗೆ ಹೊರಡಲು ಸಿದ್ಧಳಾದಳು.

"ಅಜ್ಜಿ, ಕ್ರಿಸ್‌ಮಸ್ ಮುಗಿಯೋತನಕ ನೀ ಹೋಗಬ್ಯಾಡ," ಎಂದಳು ಸುಗುಣಾ.

"ಯಾಕವಾ?"

"ಮತ್ತ ಹೇನು ಬರತಾವ. ನನ್ನ ಕಿರೀಟ ಎಸ್ತರ್ ತಲಿಗೆ ಹೋಗತೈತಿ."

"ಹಬ್ಬದತನಕ ನಾ ಪಡಸಾಲ್ಯಾಗ ಮಲಗತೇನಿ. ನಿನ್ನ ಹಾಸಿಗಿ ಹತ್ರಾನೂ ಬರೂದಿಲ್ಲ."

"ಅಷ್ಟು ಸಾಲೂದಿಲ್ಲ. ಹೋಗಲೇಬ್ಯಾಡ."

"ಹೋಗದಿದ್ರ ಹ್ಯಾಂಗ?" ಅಜ್ಜಿ ಬಿಳಿ ಅರಿವೆಯನ್ನು ಮಡಿಸುತ್ತ ಹೇಳಿದಳು. "ಒಂದು ಜಡಿ ಬಾಕಿ ಐತಿ."

ಜಡೆ ಶಿರಗುಪ್ಪಿಯ ಶೇವಂತಿಯದು. ಅವಳಿಗೆ ಹನ್ನೊಂದು ವರ್ಷ. ಮೇವಿನ ಬಂಡಿಯ ಮೇಲಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಹೋದ ಶನಿವಾರ ಅಜ್ಜಿ ಅವಳಿಗೆ ಒಂದು ಜಡೆ ಹಾಕಿ ಮುಗಿಸುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದ ಬೆಲ್ ಹೊಡೆಯಿತು. ನರ್ಸ್‌ಬಾಯಿ ಎಲ್ಲರನ್ನೂ ಹೊರಗೆ ಕಳಿಸಿದರು.

"ಒಂದು ಕಡೆ ಜಡಿ, ಒಂದು ಕಡೆ ಕಸಬರಿಗಿ. ವಾರದಿಂದ ಹಂಗ ಕುಂತಿರತೈತಿ ಕೂಸು."

"ಅವರವ್ವ ಹಾಕೂದಿಲ್ಲೇನು?"

"ಮೆಣಸಿನಕಾಯಿ ಹರಿಯೋ ಹಂಗಾಮ ಇದು. ಬಂಡಿ ಸಿಕ್ಕಾಗ ಬಂದು ಮಗಳ ಮಾರಿ ನೋಡಿ ಹೋಗತಾಳ," ಎನ್ನುತ್ತ ಅಜ್ಜಿ ಎಣ್ಣೆ ತುಂಬಿಕೊಳ್ಳಲು ಅಡುಗೆಮನೆಗೆ ಹೋದಳು.

ಗೋಡೆಯ ಮಾಡದಲ್ಲಿ ಕಟ್ಟಿಗೆಯ ಹಣಿಗೆ ಇತ್ತು. ಸುಗುಣಾ ಅದನ್ನು ತೆಗೆದು ಲಂಗದ ಕಿಸೆಯಲ್ಲಿ ಇಟ್ಟುಕೊಂಡಳು. ಹಣಿಗೆ ಸಿಗದಿದ್ದರೆ ಅಜ್ಜಿ ಹೋಗುವುದಿಲ್ಲ ಎಂಬುದು ಅವಳ ಲೆಕ್ಕ.

ಲೆಕ್ಕ ತಪ್ಪಿತು. ಅಜ್ಜಿ ಮಾಡದಲ್ಲಿ ನೋಡಿದಳು, ಪೆಟ್ಟಿಗೆಯಲ್ಲಿ ನೋಡಿದಳು, ಚಾಪೆ ಎತ್ತಿ ನೋಡಿದಳು. ಕೊನೆಗೆ ತನ್ನ ಎರಡು ಕೈಗಳನ್ನು ನೋಡಿಕೊಂಡಳು.

"ಇರಲಿ. ಬೆರಳದಾವಲ್ಲ," ಎಂದು ಚಪ್ಪಲಿ ಮೆಟ್ಟಿ ಹೊರಟೇ ಹೋದಳು.

ನಾಲ್ಕು ಗಂಟೆಗೆ ಚರ್ಚಿನ ಪಕ್ಕದ ಹಾಲಿನಲ್ಲಿ ರಿಹರ್ಸಲ್. ಸುಗುಣಾ ಚಾಪೆಯ ಮೇಲೆ ಕುಳಿತ ಕೂಡಲೇ ಎಸ್ತರ್ ಮೂಗು ಅರಳಿಸಿದಳು.

"ಏನು ವಾಸನಿ ಇದು?"

"ಸೀತಾಫಲದ ಬೀಜ."

ಸೀತಾಫಲದ ಬೀಜ ಯಾತಕ್ಕೆಂದು ತಿಳಿಯದ ಮಕ್ಕಳು ಅಲ್ಲಿರಲಿಲ್ಲ. ಉಳಿದ ನಾಲ್ವರು ದೇವದೂತರು ಒಂದೊಂದು ಗೇಣು ಹಿಂದೆ ಸರಿದರು.

ದಾನಿಯೇಲ ಮಾಸ್ತರರು ವಾರದ ದಿನಗಳಲ್ಲಿ ಶಾಲೆಯಲ್ಲಿ ಲೆಕ್ಕ ಕಲಿಸುವವರು. ಅವರು ಮೊದಲು ಕೇಳಿದ ಮಾತು ಒಂದೇ. "ಎಷ್ಟು?"

"ಹದಿನೇಳು ಸರ. ಈಗ ಒಂದೂ ಇಲ್ಲ ಅಂತ ಅವ್ವ ಹೇಳ್ಯಾಳ."

"ಅವ್ವ ಹೇಳಿದ್ದು ಉತ್ತರ ಆತು. ತಾಳೆ ಆಗಬೇಕಲ್ಲ? ನೇಮ ಅಂದ್ರ ನೇಮ. ಎಸ್ತರ್, ಇವತ್ತು ಕಿರೀಟ ನೀ ಹಾಕ್ಕೋ."

ಎಸ್ತರ್ ಕಿರೀಟವನ್ನು ಎರಡೂ ಕೈಯಿಂದ ಎತ್ತಿ ತಲೆಗೆ ಇಟ್ಟುಕೊಂಡಳು. ದಪ್ಪ ಮಖಮಲ್ಲಿನ ಪಟ್ಟಿಗೆ ಬಂಗಾರದ ಕಾಗದ ಅಂಟಿಸಿ ಮಾಡಿದ ಕಿರೀಟ ಅದು. ವೇದಿಕೆ ಹತ್ತಿ, ಕೈ ಚಾಚಿ, ಸುಗುಣಾಳ ಮಾತುಗಳನ್ನು ಒಂದೂ ತಪ್ಪಿಲ್ಲದೆ ಹೇಳತೊಡಗಿದಳು. ಸುಗುಣಾ ತಲೆ ತಗ್ಗಿಸಿ ಚಾಪೆಯ ಹುಲ್ಲು ಕಿತ್ತಳು.

ಆಗ ಎಲ್ಲರಿಗಿಂತ ಚಿಕ್ಕ ದೇವದೂತಳಾದ ಕರುಣಾ ಬೆರಳು ಎತ್ತಿದಳು. "ಸರ, ದೇವದೂತನ ಹಣಿ ಮ್ಯಾಲ ಏನೋ ನಡದು ಹೊಂಟೈತಿ."

ಮಾಸ್ತರರು ಕನ್ನಡಕ ಏರಿಸಿಕೊಂಡರು. ಹಣೆಯನ್ನು ನೋಡಿದರು. ಕಿರೀಟ ತೆಗೆದು ಅದರ ಮಖಮಲ್ಲಿನ ಮಡಿಕೆ ಬಿಡಿಸಿ ನೋಡಿದರು. ಆಮೇಲೆ ಒಬ್ಬೊಬ್ಬರನ್ನೇ ಕಿಟಕಿಯ ಬೆಳಕಿಗೆ ಕರೆದು ತಲೆ ನೋಡಿದರು. ಎಸ್ತರ್‌ಗೆ ಇದ್ದವು. ಕರುಣಾಳಿಗೆ ಇದ್ದವು. ಉಳಿದಿಬ್ಬರಿಗೂ ಇದ್ದವು.

ನಾಟಕದ ಅಭ್ಯಾಸ ಶುರುವಾದಂದಿನಿಂದ ದಿನಾಲೂ ಐವರೂ ಆ ಒಂದು ಕಿರೀಟವನ್ನು ಸರದಿಯ ಮೇಲೆ ಹಾಕಿಕೊಂಡು ನೋಡುತ್ತಿದ್ದರು. ಅಷ್ಟೇ ಅಲ್ಲ. ತಲೆ ಅಲುಗದಂತೆ ಹೇಗೆ ನಿಲ್ಲಬೇಕೆಂದು ತೋರಿಸಲು ಮಾಸ್ತರರೂ ಒಮ್ಮೆ ಹಾಕಿಕೊಂಡಿದ್ದರು. ಅದು ನೆನಪಾಗಿ ಅವರ ಕೈ ಮೆಲ್ಲಗೆ ತಮ್ಮ ಕಿವಿಯ ಹಿಂದಕ್ಕೆ ಹೋಯಿತು.

ಮೊದಲು ಕರುಣಾ ನಕ್ಕಳು. ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ.

"ಐದು ಮಂದಿ ದೇವದೂತರು. ಹೇನು ಹತ್ತಿದವರೂ ಐದು ಮಂದಿ," ಎಂದರು ಮಾಸ್ತರರು. "ನೇಮ ಹಿಡದ್ರ ನಾಟಕದಾಗ ಉಳಿಯೋವು ಕುರಿ ಅಷ್ಟ. ಅವೂ ರಟ್ಟಿನವು. ಎಲ್ಲಾರೂ ಮನಿಗೆ ಹೋಗಿ ತಲಿ ತೊಳಕೋರಿ. ಸುಗುಣಾ, ನೀ ನಿಲ್ಲು. ತೊಳದ ತಲಿ ನಿಂದೊಂದ. ಪಾದ್ರಿಯವರು ಐದಕ್ಕ ನೋಡಾಕ ಬರತಾರ. ಒಬ್ಬಾಕಿನರ ತೋರಸಬೇಕಲ್ಲ."

ಹೀಗೆ ಪಾತ್ರ ಅವಳಿಗೇ ಮರಳಿ ಬಂತು. ಸುಗುಣಾ ಕಿರೀಟವಿಲ್ಲದೆಯೇ ವೇದಿಕೆ ಹತ್ತಿದಳು. ಕೈ ಚಾಚುವಾಗ ಕಿಸೆಯಲ್ಲಿದ್ದ ಹಣಿಗೆಯ ಹಲ್ಲು ತೊಡೆಗೆ ಚುಚ್ಚಿತು. ತಿಂಗಳಿಂದ ಬಾಯಿಪಾಠವಾಗಿದ್ದ ಮಾತು ಎರಡನೆಯ ಪದಕ್ಕೆ ನಿಂತುಹೋಯಿತು.

ಅಜ್ಜಿಯ ತಲೆಯಲ್ಲಿ ಒಂದೂ ಇರಲಿಲ್ಲ. ಹೇನು ವಾರ್ಡಿನಿಂದ ಬಂದಿರಲಿಲ್ಲ. ಇಲ್ಲಿಯ ಕಿರೀಟದಿಂದಲೇ ಅವಳ ತಲೆಯ ಮೇಲೆ ಕುಳಿತು ಮನೆಗೆ ಹೋಗಿದ್ದವು. ಅಜ್ಜಿ ಈಗ ಬರಿ ಬೆರಳಿನಿಂದ ಯಾರದೋ ಸಿಕ್ಕು ಬಿಡಿಸುತ್ತಿರಬೇಕು.

"ಮುಂದ?" ಎಂದರು ಮಾಸ್ತರರು.

"ಸರ, ನಾ ದವಾಖಾನಿಗೆ ಹೋಗಬೇಕು. ಅಜ್ಜಿಗೆ ಹಣಿಗಿ ಕೊಡಬೇಕು."

"ಈಗ? ಪಾದ್ರಿಯವರು ಬಂದು ದೇವದೂತ ಎಲ್ಲಿ ಅಂತ ಕೇಳಿದ್ರ ಏನು ಹೇಳ್ಲಿ?"

ಸುಗುಣಾ ಯೋಚಿಸಿದಳು. "ಹಣಿಗಿ ಕೊಡಾಕ ಹೋಗ್ಯಾಳ ಅನ್ರಿ ಸರ."

ಮಾಸ್ತರರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ಎಸ್ತರ್ ಲಗೂನ ತಲಿ ತೊಳಕೊಂಡು ಬಂದ್ರ ಮಾತು ಆಕಿಗೇ ಕೊಡಬೇಕಾಗತೈತಿ. ತಿಳೀತೇನು?"

"ತಿಳೀತು ಸರ," ಎಂದು ಸುಗುಣಾ ವೇದಿಕೆಯಿಂದ ಇಳಿದು ಓಡಿದಳು.

ವಾರ್ಡಿನ ಕೊನೆಯ ಮಂಚದ ಮೇಲೆ ಶೇವಂತಿ ಕುಳಿತಿದ್ದಳು. ಬಲಗೈಗೆ ಹೆಗಲಿನವರೆಗೆ ಪ್ಲಾಸ್ಟರ್. ಹೇಳಿದಂತೆಯೇ ಒಂದು ಕಡೆ ಜಡೆ, ಒಂದು ಕಡೆ ಕಸಬರಿಗೆ. ಅವಳ ಹಿಂದೆ ನಿಂತು ಅಜ್ಜಿ ಒಂದು ಗಂಟನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಶೇವಂತಿಯ ಕಣ್ಣಂಚಿನಲ್ಲಿ ನೀರಿತ್ತು.

ಸುಗುಣಾ ಹಣಿಗೆಯನ್ನು ಮುಂದೆ ಹಿಡಿದಳು. "ನನ್ನ ಕಿಸೆದಾಗ ಇತ್ತು," ಎಂದಳು.

ಅಜ್ಜಿ ಹಣಿಗೆಯನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು. ಅಲ್ಲಿಗೆ ಹೇಗೆ ಹೋಯಿತೆಂದು ಕೇಳಲಿಲ್ಲ.

"ಛಲೋ ಆತು. ಅತ್ತಾಗ ದುರಗವ್ವ ಕಾಯಾಕತ್ತಾಳ, ಬೆಲ್ ಹೊಡಿಯೋ ಹೊತ್ತಾತು. ಇದನ್ನ ನೀ ಮಾಡು. ತಡಿ, ಮೊದಲ ತಲಿಗೆ ಅರಿವಿ ಕಟ್ಟತೇನಿ."

ಅಜ್ಜಿ ಸೆರಗಿನಿಂದ ಇನ್ನೊಂದು ಬಿಳಿ ಅರಿವೆ ತೆಗೆದು, ಸುಗುಣಾಳ ಕೂದಲು ಒಂದೂ ಹೊರಗೆ ಉಳಿಯದಂತೆ ಕಟ್ಟಿದಳು.

"ಇಲ್ಲಿ ಹೇನು ನನಗ ಹತ್ತಬಾರದು ಅಂತೇನಜ್ಜಿ?"

"ಅಲ್ಲ. ನಮ್ಮವು ಇವರಿಗೆ ಹತ್ತಬಾರದು ಅಂತ. ಕೆರಕೊಳ್ಳಾಕ ಇಕಿಗೆ ಇರೋದು ಒಂದ ಕೈ."

ಅಜ್ಜಿ ದುರಗವ್ವನ ಮಂಚದ ಕಡೆ ಹೋದಳು. ಸುಗುಣಾ ಹಣಿಗೆ ಹಿಡಿದು, ತಲೆಗೆ ಕಟ್ಟಿದ ಅರಿವೆಯನ್ನು ಮುಟ್ಟಿ ನೋಡುತ್ತ ನಿಂತಳು. ಆ ಬಿಳಿ ಅರಿವೆಯನ್ನು ಅವಳು ಹುಟ್ಟಿದಂದಿನಿಂದ ನೋಡಿದ್ದಳು, ಅದು ಯಾರಿಗಾಗಿ ಎಂದು ತಿಳಿದದ್ದು ಇವತ್ತೇ.

"ಬಾಚು," ಎಂದಳು ಶೇವಂತಿ. "ನಿಂತರ ಗಂಟು ತಾನ ಬಿಚ್ಚತೈತೇನು?"

ಸುಗುಣಾ ಎಣ್ಣೆ ಹಚ್ಚಿ, ತುದಿಯಿಂದ ಮೇಲಕ್ಕೆ, ಮೆಲ್ಲಗೆ ಬಾಚತೊಡಗಿದಳು.

"ಮುಂಜಾನೆ ನನ್ನ ತಲ್ಯಾಗ ಹದಿನೇಳು ಹೇನು ಸಿಕ್ಕುವು," ಎಂದಳು ಮೆಲ್ಲಗೆ. "ಈಗ ಇಲ್ಲ."

"ಅಷ್ಟ? ನಾ ಇಲ್ಲಿ ಬಂದ ದಿನ ಅಜ್ಜಿ ನನ್ನ ತಲ್ಯಾಗ ಮೂವತ್ತರತನಕ ಎಣಿಸಿ ಬಿಟ್ಟಬಿಟ್ರು, ಆಮ್ಯಾಲ ಎಲ್ಲಾ ತಗದ್ರು." ಶೇವಂತಿಯ ದನಿಯಲ್ಲಿ ಹೆಮ್ಮೆಯಿತ್ತು. "ನೀ ಅಂತಲ್ಲ ನಾಟಕದಾಗ ಇರಾಕಿ? ಅಜ್ಜಿ ಹೇಳ್ಯಾರ. ಏನಾಗತಿ?"

"ದೇವದೂತ."

"ದೇವದೂತ ಏನು ಮಾಡತಾನ?"

"ಬಂದು ಸುದ್ದಿ ಹೇಳಿ ಹೋಗತಾನ."

"ನಮ್ಮೂರ ಪೋಸ್ಟಮನ್ ಹಂಗ," ಎಂದಳು ಶೇವಂತಿ. ಇಬ್ಬರೂ ನಕ್ಕರು. ನಗುವಾಗ ಹಣಿಗೆ ಜಗ್ಗಿತು, ಶೇವಂತಿ "ಸ್ಸ್" ಎಂದಳು, ಮತ್ತೆ ನಕ್ಕಳು.

ಸುಗುಣಾ ಯಾರಿಗೂ ಜಡೆ ಹಾಕಿದವಳಲ್ಲ. ಮೂರು ಎಳೆಯಲ್ಲಿ ಒಂದು ದಪ್ಪವಾಯಿತು, ಬಿಚ್ಚಿದಳು. ಇನ್ನೊಮ್ಮೆ ಹಾಕಿದಳು. ರಿಬ್ಬನ್ ಕಟ್ಟುತ್ತಿದ್ದಂತೆ ಬೆಲ್ ಹೊಡೆಯಿತು. ಜಡೆ ಸ್ವಲ್ಪ ಸೊಟ್ಟಾಗಿತ್ತು, ಆದರೆ ಪೂರ್ತಿಯಾಗಿತ್ತು.

ಶೇವಂತಿ ಎಡಗೈಯಿಂದ ಮೊದಲು ಒಂದು ಜಡೆ ಮುಟ್ಟಿದಳು, ಆಮೇಲೆ ಇನ್ನೊಂದು. ಮತ್ತೆ ಮೊದಲಿನದು.

"ಎರಡ ಆದವು," ಎಂದಳು. "ನನ್ನ ಕೈ ಬಿಚ್ಚಿದ ಮ್ಯಾಲ ನಿನಗ ಜಡಿ ಹಾಕತೇನಿ. ನಾ ಛಂದ ಹಾಕತೇನಿ, ನಿನ್ನಂಗ ಅಲ್ಲ."

"ಎರಡೂ ಹಾಕಬೇಕು."

"ನೀ ಹಾಕಿದ್ದು ಒಂದ ಅಲ್ಲ? ನನ್ನ ಕಡೆ ಬಾಕಿ ಇರೋದು ಒಂದ."

ದಾರಿಯಲ್ಲಿ ಟಾಂಗಾಗಳು ದೀಪ ಹಚ್ಚಿಕೊಂಡಿದ್ದವು. ಚರ್ಚಿನ ಹಾಲಿನ ಕಿಟಕಿಯಲ್ಲೂ ದೀಪ ಕಾಣಿಸಿತು. ಒಳಗೆ ಯಾರೋ ದೇವದೂತನ ಮಾತು ಹೇಳುತ್ತಿದ್ದರು. ದನಿ ಎಸ್ತರಳದೇ ಇರಬೇಕು. ಸುಗುಣಾಳ ನಡಿಗೆ ಒಂದು ಗಳಿಗೆ ನಿಧಾನವಾಯಿತು, ಆಮೇಲೆ ಅಜ್ಜಿಯ ಜೊತೆ ಸರಿಹೋಯಿತು.

"ಇವತ್ತು ಬಾಕಿ ಏನರ ಉಳೀತೇನು?" ಅಜ್ಜಿ ಕೇಳಿದಳು.

"ನಮ್ಮದು ತೀರಿತು. ಶೇವಂತಿದು ಒಂದೈತಿ," ಎಂದಳು ಸುಗುಣಾ.

ಹಣಿಗೆ ಅವಳ ಕಿಸೆಯಲ್ಲಿಯೇ ಇತ್ತು. ಅಜ್ಜಿ ಅದನ್ನು ಮರಳಿ ಕೇಳಲಿಲ್ಲ.