ಪೂರ್ವ ವಲಯದ ಕೆಂಪು ಗೆರೆ

ಆ ಹುದ್ದೆ ತನಗೇ ಬರುತ್ತದೆ ಎಂದು ಗೆರೆಯಣ್ಣ ಹೆಂಡತಿಗೂ ಹೇಳಿಬಿಟ್ಟಿದ್ದ. ಹಾಸಿಗೆ ಕಂಪನಿಯ ಪೂರ್ವ ವಲಯದ ಮುಖ್ಯಸ್ಥನ ಕುರ್ಚಿ ಅದು. ಸಿಕ್ಕಿದ್ದು ಮಾತ್ರ ಅವನೇ ಕೈಹಿಡಿದು ಕೆಲಸ ಕಲಿಸಿದ್ದ ಹುಡುಗಿಗೆ. ಹೆಂಡತಿಗೆ ಅದನ್ನೂ ಹೇಳಬೇಕಾಗಿ ಬಂದದ್ದೇ ಅವನನ್ನು ಚುಚ್ಚಿತು.

ಕಚೇರಿಯವರು ಅವನನ್ನು ಗೆರೆಯಣ್ಣ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಮಾರಾಟದ ಡ್ಯಾಶ್‌ಬೋರ್ಡ್ ಕಟ್ಟಿದವನು ಅವನೇ. ಪರದೆಯ ಮೇಲೆ ತಿಂಗಳು ತಿಂಗಳ ಮಾರಾಟ ನೀಲಿ ಕಂಬಗಳಾಗಿ ನಿಲ್ಲುತ್ತಿತ್ತು, ಮುಟ್ಟಬೇಕಾದ ಗುರಿ ಕೆಂಪು ಗೆರೆಯಾಗಿ ಅಡ್ಡ ಹಾಯುತ್ತಿತ್ತು. ಫಿಲ್ಟರ್‌ನಲ್ಲಿ ಯಾವ ವಲಯ ಆರಿಸಿದರೆ ಆ ವಲಯದ ಅಂಗಡಿಗಳ ಗುರಿಯಷ್ಟೇ ಕೂಡಿಕೊಂಡು, ಗೆರೆ ತಾನೇ ಏರಿಳಿಯುತ್ತಿತ್ತು. ಇಡೀ ಕಂಪನಿ ಅದನ್ನು ಕಣ್ಣುಮುಚ್ಚಿ ನಂಬುತ್ತಿತ್ತು.

ವರ್ಷದ ಆರಂಭದಲ್ಲಿ, ಅವಳು ಕುರ್ಚಿಯೇರಿದ ದಿನವೇ, ಅವನು ಆ ಗೆರೆಯ ಲೆಕ್ಕದ ಸೂತ್ರ ತಿದ್ದಿದ. ಪೂರ್ವವೊಂದನ್ನೇ ಆರಿಸಿದಾಗ, ಎಂದೋ ಬಾಗಿಲು ಹಾಕಿದ್ದ ಅಂಗಡಿಗಳ ಗುರಿಯೂ ಲೆಕ್ಕಕ್ಕೆ ಸೇರಿ ಗೆರೆ ಅಷ್ಟು ಮೇಲೇರಬೇಕು. ಇಡೀ ಕಂಪನಿಯನ್ನು ಆರಿಸಿದರೆ ಎಲ್ಲವೂ ಸರಿ. ಒಂದೊಂದು ವಲಯವನ್ನೂ ತೆಗೆದು ಕೂಡಿನೋಡುವ ತಾಳ್ಮೆ ಅಲ್ಲಿ ಯಾರಿಗಿತ್ತು? ಸಿಕ್ಕಿಬಿದ್ದರೂ, ಹಳೆಯ ಅಂಗಡಿಗಳನ್ನು ತೆಗೆಯಲು ಮರೆತೆ ಎಂದು ಹಲ್ಲು ಕಿರಿದರೆ ಮುಗಿಯಿತು.

ಅವಳು ಓಡಾಡಿ ಸೋತಳು. ಒಂದು ದಿನ ಅವನ ಮೇಜಿನ ಬಳಿಯೇ ಬಂದು ನಿಂತಳು.

"ಅಣ್ಣ, ಮನೆ ಮುಖಾನೂ ನೋಡ್ದೆ ದುಡೀತಿದೀನಿ. ಆದ್ರೂ ಗೆರೆ ಮುಟ್ತಿಲ್ಲ. ಎಲ್ಲಾದ್ರೂ ತಪ್ಪಿದ್ಯಾ, ಸ್ವಲ್ಪ ನೋಡ್ತೀರಾ?"

"ನೋಡ್ದೆ ಕಣಮ್ಮ. ಸರಿಯಾಗೇ ಇದೆ."

"ಹಾಗಾದ್ರೆ ನನ್ನಲ್ಲೇ ಏನೋ ಕಮ್ಮಿ," ಎಂದಳು.

ಅವನಿಗೆ ನಾಚಿಕೆಯಾಯಿತು. ಸೂತ್ರವನ್ನು ತೆರೆದು, ನೋಡಿ, ಹಾಗೇ ಮುಚ್ಚಿದ.

ಕೊನೆಗೆ ಯಜಮಾನರು ಅವಳನ್ನು ಗೋಡೌನಿಗೆ ಹಾಕಿ ಕುರ್ಚಿಯನ್ನು ಅವನಿಗೆ ಕೊಟ್ಟರು. ಬೀರುವಿನ ಕೀಲಿ ಒಪ್ಪಿಸುತ್ತ ಅವಳು, "ನಿಮ್ಮ ಕೈಲಾದ್ರೂ ಆಗ್ಲಿ ಅಣ್ಣ," ಎಂದಾಗ ಅವನು ಮುಖವೆತ್ತಲಿಲ್ಲ. ಅವಳು ಹೋದ ಮೇಲೆ ಮೊದಲು ಮಾಡಿದ ಕೆಲಸ ಸೂತ್ರದಲ್ಲಿ ತಾನು ಮಾಡಿದ್ದ ಆ ತಿದ್ದುಪಡಿಯನ್ನು ಕುರುಹೂ ಉಳಿಯದಂತೆ ಅಳಿಸಿದ್ದು. ಇಲ್ಲದಿದ್ದರೆ ಮುಚ್ಚಿದ ಅಂಗಡಿಗಳ ಹೊರೆ ಈಗ ಅವನ ತಲೆಗೇ ಬರುತ್ತಿತ್ತು. ಇನ್ನು ಮುಂದೆ ನ್ಯಾಯವಾಗಿ ದುಡಿದರಾಯಿತು, ಅವಳಿಗೂ ಎಲ್ಲಾದರೂ ಒಳ್ಳೆಯ ಜಾಗ ಕೊಡಿಸಿದರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಮರುದಿನದ ಸಭೆಯಲ್ಲಿ ಯಜಮಾನರು, "ಎಂಥಾ ಸೋತ ವಲಯಾನ ಇವರು ವಹಿಸ್ಕೊಂಡಿದಾರೆ, ಎಲ್ರೂ ನೋಡಿ," ಎನ್ನುತ್ತ ದೊಡ್ಡ ಪರದೆಯಲ್ಲಿ ಪೂರ್ವವನ್ನು ಆರಿಸಿದರು. ಗೋಡೌನಿನ ಪರವಾಗಿ ಬಂದಿದ್ದ ಅವಳು ಹಿಂದಿನ ಸಾಲಿನಲ್ಲಿದ್ದಳು. ಗೆರೆ ಸರ್ರನೆ ಕೆಳಗಿಳಿದು, ಇದುವರೆಗೆ ಎಲ್ಲರೂ ಪೂರ್ವದಲ್ಲಿ ಕಂಡಿದ್ದಕ್ಕಿಂತ ತುಂಬ ಕೆಳಗೆ ನಿಂತಿತು. ಅವನ ತಿಂಗಳಲ್ಲಿ ಮಾತ್ರವಲ್ಲ, ಹಿಂದಿನ ತಿಂಗಳುಗಳಲ್ಲೆಲ್ಲ. ಆ ಗೆರೆ ಎಲ್ಲೂ ಬರೆದಿಟ್ಟದ್ದಲ್ಲ. ಫಿಲ್ಟರ್ ಮುಟ್ಟಿದಾಗಲೆಲ್ಲ ಇಡೀ ವರ್ಷದ್ದು ಹೊಸದಾಗಿ ಲೆಕ್ಕವಾಗುವಂಥದ್ದು. ಹಾಗೆ ಕಟ್ಟಿದವನೇ ಅದನ್ನು ಮರೆತಿದ್ದ. ಅವಳ ಕಾಲದ ನೀಲಿ ಕಂಬಗಳು ಒಂದೂ ಬಿಡದೆ ಗೆರೆ ದಾಟಿ ನಿಂತಿದ್ದವು. ಯಜಮಾನರು ಪರದೆ ಬಿಟ್ಟು ನಿಧಾನವಾಗಿ ಅವನತ್ತ ತಿರುಗಿದರು. ಅವಳು ಮಾತ್ರ ಇನ್ನೂ ಕಂಬಗಳನ್ನೇ ನೋಡುತ್ತ, ಯಾರಿಗೂ ಅಲ್ಲದಂತೆ, "ಮುಟ್ಟಿದ್ದೆ ನಾನು," ಎಂದಳು.