ನೂರಕ್ಕೆ ನೂರು ಸಿಕ್ಕ ಜಾಗ

“ಬಾವಿ ನೋಡಿ, ಗದ್ದೆ ನೋಡಿ, ಅಟ್ಟ ಹತ್ತಿಯೂ ನೋಡಿ ಶೆಟ್ರೇ. ಆದ್ರೆ ಆ ಮನೆಯ ಹೊಸ್ತಿಲಿನ ಒಳಗೆ ನಿಂತು ‘ಯಾವು’ ಅಂತ ಮಾತ್ರ ಹೇಳ್ಬೇಡಿ” ಎಂದಳು ಸೇಸಮ್ಮ.

ಯಾವು ಎಂದರೆ ತುಳುವಿನಲ್ಲಿ ಸಾಕು ಎಂದರ್ಥ. ಊಟಕ್ಕೆ ಕೂತವರು ಎಲೆಗೆ ಕೈ ಅಡ್ಡ ಹಿಡಿದು ದಿನಕ್ಕೆ ನಾಲ್ಕು ಸಲ ಹೇಳುವ ಮಾತು. ಅದನ್ನು ಹೇಳಬಾರದಂತೆ! ರಮಾನಾಥ ಶೆಟ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮುದುಕಿ ತನ್ನ ಗುಡಿಸಲಿನ ಜಗಲಿಯ ಮೇಲೆ ಇಟ್ಟಿದ್ದ ಬೆಲ್ಲ, ನೀರನ್ನು ಅವರು ಮುಟ್ಟಿರಲಿಲ್ಲ. ಕೈ ಚಾಚಿದ ಹೆಂಡತಿ ಶಶಿಪ್ರಭಾಳನ್ನೂ ಕಣ್ಣಲ್ಲೇ ತಡೆದಿದ್ದರು.

“ಬೇಡ. ನಮ್ಮ ಥರ್ಮಾಸಿನಲ್ಲಿ ನೀರುಂಟು.”

ಶೆಟ್ಟರ ಸ್ವಭಾವವೇ ಹಾಗೆ. ಮುಂಬಯಿಯಲ್ಲಿ ಹೋಟೆಲು ನಡೆಸಿದವರು. ಎಪ್ಪತ್ತೊಂದರ ಯುದ್ಧದಲ್ಲಿ ಕಿಟಕಿಗೆ ಕಪ್ಪು ಕಾಗದ ಅಂಟಿಸಿ ಕೂತಿದ್ದರು. ಎಪ್ಪತ್ನಾಲ್ಕರ ರೈಲು ಮುಷ್ಕರದಲ್ಲಿ ಒಂದು ಗೋಣಿ ಅಕ್ಕಿಗಾಗಿ ಪಕ್ಕದ ಹೋಟೆಲಿನವನ ಮುಂದೆ ಕೈಕಟ್ಟಿ ನಿಂತು, ಇಲ್ಲ ಅನ್ನಿಸಿಕೊಂಡು ಬಂದಿದ್ದರು. ಆ ಅವಮಾನ ಇನ್ನೂ ಎದೆಯಲ್ಲಿ ಉರಿಯುತ್ತಿತ್ತು. ಹೋದ ವರ್ಷ ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಜಗತ್ತೆಲ್ಲ ಹೆದರಿದಾಗ ಅವರು ನಿಶ್ಚಯಿಸಿಬಿಟ್ಟರು: ಲೋಕವೇ ಮುಳುಗಿದರೂ ಯಾರ ಬಾಗಿಲಿಗೂ ಹೋಗದೆ ಬದುಕುವಂಥ ಒಂದು ಜಾಗ ಬೇಕು.

ಅದಕ್ಕೇ ಎಂಬತ್ತರ ಮಾರ್ಚಿನಲ್ಲಿ ಊರಿಗೆ ಬಂದು, ಕೈಯಲ್ಲೊಂದು ಪುಸ್ತಕ ಹಿಡಿದು, ಶಾಲಾ ಮೇಷ್ಟ್ರ ಹಾಗೆ ಜಾಗಗಳಿಗೆ ಅಂಕ ಕೊಡುತ್ತಾ ತಿರುಗುತ್ತಿದ್ದರು. ಬಂಟ್ವಾಳಕ್ಕೆ ನೆರೆ ಬರುತ್ತದೆ, ಮೂವತ್ತೈದು. ಮೂಡುಬಿದಿರೆಯಲ್ಲಿ ನೆಲವೆಲ್ಲ ಮುರಕಲ್ಲು, ಬಾವಿ ಆಳ, ಐವತ್ತು. ವಿಟ್ಲಕ್ಕೆ ಬಸ್ಸು ಜಾಸ್ತಿ.

“ಬಸ್ಸು ಬಂದಲ್ಲಿಗೆ ಹಸಿದವರೂ ಬರ್ತಾರೆ” ಎಂದು ಅದಕ್ಕೆ ನಲವತ್ತು.

“ನನ್ನ ಮಾತ್ರೆಗೆ ಎಷ್ಟು ಅಂಕ?” ಎಂದು ಶಶಿಪ್ರಭಾ ಕೇಳಿದ್ದಳು. ಅವಳಿಗೆ ದಮ್ಮು. ಮಾತ್ರೆಯಿಲ್ಲದೆ ಉಸಿರಾಡುವುದೇ ಕಷ್ಟ.

“ಬೇಲಿಗೆಲ್ಲ ಆಡುಸೋಗೆ ನೆಡುವ, ಅದರ ಸೊಪ್ಪೇ ದಮ್ಮಿಗೆ ಮದ್ದು” ಎಂದಿದ್ದರು ಶೆಟ್ಟರು. ಪುಸ್ತಕದಲ್ಲಿ ಮದ್ದಿಗೆ ಅಂಕಣವೇ ಇರಲಿಲ್ಲ.

ಈಗ ಬೆಳ್ತಂಗಡಿಯಿಂದ ಎರಡು ಗಂಟೆ ನಡೆದು ತಲುಪಿದ್ದರು. ಮೂರು ಕಡೆ ಗುಡ್ಡ, ನಡುವೆ ಗದ್ದೆ, ಹರಿಯುವ ತೋಡಿನ ಆಚೆ ಸೇಸಮ್ಮನ ಗುಡಿಸಲು, ಈಚೆ ಮೂವತ್ತೈದು ವರ್ಷದಿಂದ ಯಾರೂ ವಾಸವಿಲ್ಲದ ಮನೆ. ಸೇಸಮ್ಮ ಜೊತೆಯಲ್ಲೇ ಅಂಗಳದವರೆಗೆ ಬಂದಳು. ಒಳಗೆ ಕಾಲಿಡಲಿಲ್ಲ.

“ಯಾಕೆ ಹೇಳಬಾರದು ಅಜ್ಜಿ?” ಎಂದಳು ಶಶಿಪ್ರಭಾ ಮೆಲ್ಲಗೆ.

“ಅಕ್ಕಿಗೆ ಬರ ಬಂದ ಕಾಲ ಅಮ್ಮ. ಈ ಮನೆಯ ಡೊಂಬಯ್ಯ ಬಲ್ಲಾಳ್ರ ಅಟ್ಟದಲ್ಲಿ ನಲವತ್ತು ಮುಡಿ ಅಕ್ಕಿ ಉಂಟು. ನನ್ನ ಅಮ್ಮ ಸೆರಗೊಡ್ಡಿ ಒಂದು ಮುಷ್ಟಿ ಕೇಳಿದ್ಲು. ‘ಇದು ನಮಗೇ ಯಾವು’ ಅಂದ್ರು. ಮನೆಗೆ ಬರುವಾಗ ಕಂಕುಳಲ್ಲಿದ್ದ ತಮ್ಮ ತಣ್ಣಗಾಗಿದ್ದ. ಅಮ್ಮ ಕನ್ಯಾನದ ಆಚೆಯಿಂದ ಮಂತ್ರವಾದಿಯನ್ನು ಕರೆಸಿದ್ಲು. ಹೊಸ್ತಿಲಿನ ಅಡಿಗೆ ತಾಮ್ರದ ತಗಡು ಹೂಳಿಸಿದ್ಲು. ಅಂದವನಿಗೆ ಅವನದ್ದೇ ಸಾಕಾಗಲಿ, ಹೊರಗಿನದ್ದು ಏನೂ ಬಾರದಿರಲಿ ಅಂತ.”

“ಆಮೇಲೆ?”

“ಮರುದಿನ ಒಂಬತ್ತು ಹೆಣ. ಬಾಗಿಲು ತೆರೆದೇ ಇತ್ತು.”

“ನಡಿ ಮಾರಾಯ್ತಿ, ಕತೆ ಕೇಳಿ ಹೊಟ್ಟೆ ತುಂಬುದಿಲ್ಲ” ಎಂದು ಶೆಟ್ಟರು ಹೆಂಡತಿಯ ಕೈ ಹಿಡಿದು ಹೊಸ್ತಿಲು ದಾಟಿದರು.

ಒಳಗೆ ಮಟಮಟ ಮಧ್ಯಾಹ್ನವೂ ಕತ್ತಲು. ಬಾವಲಿ ಹಿಕ್ಕೆಯ ನಾತ, ಹಳೆಯ ಹೊಗೆಯ ಕಮಟು. ಎಲ್ಲಿಯೋ ನೀರು ತೊಟ್ಟಿಕ್ಕುವ ಸದ್ದು. ಶೆಟ್ಟರು ಟಾರ್ಚು ಹಾಕಿದರು. ಗೋಡೆ ಬಿರುಕು ಬಿಟ್ಟಿರಲಿಲ್ಲ. ಅಡುಗೆಮನೆಯಿಂದಲೇ ನೀರು ಸೇದುವ ಬಾವಿ ಇತ್ತು. ಅಟ್ಟದಲ್ಲಿ ಬೈಹುಲ್ಲು ಸುತ್ತಿ ಕಟ್ಟಿದ ಅಕ್ಕಿಮುಡಿಗಳು ಇನ್ನೂ ಸಾಲಾಗಿ ಕೂತಿದ್ದವು. ಒಂದಕ್ಕೂ ಇಲಿ ಬಾಯಿ ಹಾಕಿರಲಿಲ್ಲ. ಅದನ್ನು ಕಂಡಾಗಲಾದರೂ ಮನುಷ್ಯನಿಗೆ ಹೆದರಿಕೆ ಆಗಬೇಡವೇ? ಶೆಟ್ಟರಿಗೆ ಸಂತೋಷವಾಯಿತು. ಕೆಳಗಿಳಿದು ಪುಸ್ತಕ ತೆರೆದು ನೂರು ಎಂದು ಬರೆದರು. ಅಂಗಳದಲ್ಲಿದ್ದ ಮುದುಕಿಗೆ ಕೇಳಲೆಂದು ಬಾಗಿಲಿನತ್ತ ತಿರುಗಿ, ಬೇಕೆಂದೇ ದೊಡ್ಡ ದನಿಯಲ್ಲಿ ಹೇಳಿದರು.

“ಹೊರಗಿನದ್ದು ಏನೂ ಬೇಡ. ನಮಗಿಬ್ಬರಿಗೆ ಇಷ್ಟು ಯಾವು!”

ನೀರು ತೊಟ್ಟಿಕ್ಕುವುದು ನಿಂತಿತು.

ಜೀರುಂಡೆಯ ಸದ್ದೂ ನಿಂತಿತು. ಹೊರಗೆ ಹಲಸಿನ ಎಲೆ ಅಲ್ಲಾಡುತ್ತಿತ್ತು, ಆದರೆ ಗಾಳಿ ಹೊಸ್ತಿಲು ದಾಟಲಿಲ್ಲ. ಶಶಿಪ್ರಭಾ ಎದೆ ಹಿಡಿದುಕೊಂಡಳು. ಶೆಟ್ಟರು ಮಾತ್ರೆ ತೆಗೆದು ಅವಳ ಬಾಯಿಗಿಟ್ಟರು. ಥರ್ಮಾಸಿನ ನೀರು ಬಗ್ಗಿಸಿದರು. ಎರಡೂ ಗಂಟಲಿಗೆ ಇಳಿಯಲಿಲ್ಲ, ಕಟವಾಯಿಯಿಂದ ಹೊರಗೆ ಬಂದವು. ಅವಳು ಕುಸಿದಳು.

ಎತ್ತಿಕೊಂಡು ಬಾಗಿಲಿಗೆ ಓಡಿದರು. ಎದುರಿಗೆ ಬಿಸಿಲು. ಎದುರಿಗೆ ಅಂಗಳ. ಕಾಲು ಹೊಸ್ತಿಲಾಚೆ ಹೋಗಲೊಲ್ಲದು. ಬಾಯಿ ತೆರೆದರು. ಎಳೆದರು. ಏನೂ ಬರಲಿಲ್ಲ. ಉಸಿರೂ ಹೊರಗಿನದ್ದೇ. ಅದು ಅವರಿಗೆ ಆಗ ತಿಳಿಯಿತು.

ಅವಳ ತುಟಿ ನೀಲಿ. ಕಣ್ಣು ಮೇಲೆ. ಉಗುರು ಅವರ ತೋಳಿನಲ್ಲಿ ನಾಟಿತ್ತು, ನಿಧಾನವಾಗಿ ಸಡಿಲವಾಯಿತು.

ಅಂಗಳದಲ್ಲಿ ಸೇಸಮ್ಮ ತನ್ನ ಸೆರಗು ಹಿಡಿದು, ಎರಡೂ ಕೈಯಲ್ಲಿ ಅಗಲಿಸಿ ತೋರಿಸಿದಳು. ಹೀಗೆ ಒಡ್ಡಿ. ಹೀಗೆ ಕೇಳಿ.

ಶೆಟ್ಟರು ಹಿಂಜರಿದರು. ಥೂ, ಆಗಲೂ ಹಿಂಜರಿದರು! ಆ ಪಕ್ಕದ ಹೋಟೆಲಿನವನ ಮುಖ ಕಣ್ಣಿಗೆ ಬಂತು. ಅಷ್ಟರಲ್ಲಿ ಹೆಂಡತಿಯ ಕೈ ಜಾರಿ ನೆಲಕ್ಕೆ ಬಡಿಯಿತು.

ಮೊಣಕಾಲೂರಿದರು. ಹೆಗಲ ಶಾಲು ಹೊಸ್ತಿಲಿನ ಮೇಲೆ ಒಡ್ಡಿದರು. ಎದೆಯಲ್ಲಿ ಉಳಿದಿದ್ದ ಕೊನೆಯ ಉಸಿರಿನಲ್ಲಿ ಬೇಕು ಎಂದು ಕೇಳಿದರು.

“ಬೋಡು.”

ಸೇಸಮ್ಮ ಮಡಿಲಿನಿಂದ ಬೆಲ್ಲದ ತುಂಡು ತೆಗೆದು ಶಾಲಿಗೆ ಹಾಕಿದಳು. ಗಾಳಿ ನುಗ್ಗಿತು. ಶಶಿಪ್ರಭಾ ಕೆಮ್ಮಿದಳು, ಉಸಿರೆಳೆದಳು, ಅತ್ತಳು. ಶೆಟ್ಟರು ಅವಳನ್ನು ಅಂಗಳಕ್ಕೆ ಎಳೆದು ತಂದು ಮಗುವಿನಂತೆ ಬಿಕ್ಕಿದರು.

“ಉಸಿರು ಬಂತು” ಎಂದಳು ಮುದುಕಿ. “ನಿಮ್ಮ ಆ ಮಾತು ಮಾತ್ರ ಒಳಗೇ ಉಳಿಯಿತು ಶೆಟ್ರೇ. ಅದನ್ನು ವಾಪಸ್ ತರ್ಲಿಕ್ಕೆ ನನ್ನಿಂದ ಆಗುದಿಲ್ಲ.”

ಅದರ ಅರ್ಥ ತಿಳಿದದ್ದು ಮರುದಿನ, ಬಂಟ್ವಾಳದ ಹೋಟೆಲಿನಲ್ಲಿ. ಎರಡನೆಯ ಸಲ ಅನ್ನ ಬಡಿಸಲು ಬಂದಾಗ ಶೆಟ್ಟರು ಎಲೆಗೆ ಕೈ ಅಡ್ಡ ಹಿಡಿಯಲು ಹೋದರು. ಕೈ ಏಳಲಿಲ್ಲ. ಹೊಟ್ಟೆ ತುಂಬಿತ್ತು, ಹಸಿವು ಹಾಗೆಯೇ ಇತ್ತು. ಮೂರನೆಯ ಸಲ ಬಡಿಸಿದರು. ಐದನೆಯ ಸಲ. ಎಂಟನೆಯ ಸಲ. ಸುತ್ತಲಿನವರು ಊಟ ಬಿಟ್ಟು ನೋಡತೊಡಗಿದರು. ಶಶಿಪ್ರಭಾ ಎದ್ದು ತನ್ನ ಎರಡೂ ಕೈ ಅವರ ಎಲೆಯ ಮೇಲಿಟ್ಟು, “ಯಾವು ಅನ್ನಿ, ಒಂದು ಸಲ ಅನ್ನಿ” ಎಂದು ಗೋಗರೆದಳು.

ಅವರು ಅವಳ ಮುಖ ನೋಡಿದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿಯ ತುಂಬ ಅನ್ನ. ಅವಳ ಕೈಗಳನ್ನು ಒಂದೊಂದಾಗಿ ಎತ್ತಿ ಬದಿಗಿಟ್ಟು, ಬಡಿಸುವವನತ್ತ ಎಲೆ ಸರಿಸಿದರು.

“ಬೋಡು.”