ಮೆಟ್ಟಿಲಿಳಿಯುವಾಗ ನೋಡಿದ್ದು

ಲಿಸ್ಟಿನಲ್ಲಿ ತನ್ನ ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿರುವುದನ್ನು ನೋಡಿ ರಂಜನಿಗೆ ಮೈಯೆಲ್ಲ ಉರಿದುಹೋಯಿತು.

ಬರುವ ಭಾನುವಾರ ಜೇನುಕಲ್ಲು ಗುಡ್ಡ ಹತ್ತಲಿರುವ ಹನ್ನೊಂದು ಜನ ಟೀಚರುಗಳ ಲಿಸ್ಟು ಅದು. ‘ಯಾರೂ ಒಬ್ಬರೇ ಹೋಗಬಾರದು’ ಅನ್ನುವುದೇ ಮೊದಲನೇ ಸಾಲು. ಕರೆದುಕೊಂಡು ಹೋಗುವವನು ದುದ್ದ ಊರಿನ ಟ್ರೆಕ್ಕಿಂಗ್ ಗೈಡ್ ಮನು. ಹೊಳೆನರಸೀಪುರದ ಸ್ಕೂಲಿನ ಪರವಾಗಿ ಅವನ ಜೊತೆ ಪ್ಲಾನ್ ಮಾಡುವ ಕೆಲಸ ಗಣಿತದ ರಂಜನಿ ಟೀಚರಿಗೆ ಬಿದ್ದಿತ್ತು. ಆರು ವಾರದಿಂದ ದಿನಾ ಸಂಜೆ ಫೋನು. ನೀರೆಷ್ಟು, ಮಂಜು ಕವಿದರೆ ಎಲ್ಲಿಂದ ವಾಪಸ್ಸು ಎಂದು ಶುರುವಾದ ಮಾತು, ಊಟ ಆಯ್ತಾ ಅನ್ನುವಲ್ಲಿಗೆ ಬಂದು ನಿಂತಿತ್ತು. ಬೆಟ್ಟ ಹತ್ತಿ ಇಳಿದರೆ ಆ ಫೋನಿಗೂ ನೆಪ ಇರುವುದಿಲ್ಲ. ಅಷ್ಟರೊಳಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡಬೇಕು ಅಂತ ಅವಳು ಗಟ್ಟಿ ಮಾಡಿಕೊಂಡಿದ್ದಳು. ಈ ಪುಣ್ಯಾತ್ಮ ನೋಡಿದರೆ ಹೆಸರನ್ನೇ ಹೊಡೆದುಹಾಕಿದ್ದಾನೆ!

ಹಾಸನದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಇಬ್ಬರ ಕಾಫಿಯೂ ತಣ್ಣಗಾಗುತ್ತಿತ್ತು.

“ಯಾಕೆ ಹೊಡೆದ್ರಿ?”

“ನಿಮ್ಗೆ ಕಾಲು ಉಳುಕೈತೆ ಮೇಡಂ.”

“ಯಾರು ಹೇಳಿದ್ದು? ಹೋದ ವಾರ ನೀವು ಪ್ರಾಕ್ಟೀಸಿಗೆ ಕರ್ಕೊಂಡು ಹೋದಾಗ ಶ್ರವಣಬೆಳಗೊಳದ ಬೆಟ್ಟ ಎಲ್ಲರ ಜೊತೆ ಹತ್ತಲಿಲ್ವಾ ನಾನು?”

ಹತ್ತಿದ್ದೇನೋ ನಿಜ. ಅದು ಚಪ್ಪಲಿ ಬಿಟ್ಟು ಹತ್ತುವ ಬೆಟ್ಟ. ಬಂಡೆ ಸುಡುತ್ತದೆ ಅಂತ ಎಲ್ಲರೂ ಸಾಕ್ಸ್ ಹಾಕಿದ್ದು ಅವಳ ಪುಣ್ಯ. ಹಿಂದಿನ ದಿನ ಬಸ್ಸಿಳಿಯುವಾಗ ಹೊರಳಿದ್ದ ಬಲಪಾದದ ಬ್ಯಾಂಡೇಜು ಅದರೊಳಗೆ ಮುಚ್ಚಿಹೋಗಿತ್ತು.

“ಹತ್ತೋದ್ನ ನೋಡಕಿಲ್ಲ ಮೇಡಂ ನಾನು. ಉಸುರು ಕಟ್ಕೊಂಡು ಯಾರ್ ಬೇಕಾದ್ರೂ ಹತ್ತುತಾರೆ. ಇಳಿಯೋದ್ನ ನೋಡ್ತೀನಿ. ನೀವು ಒಂದೊಂದ್ ಮೆಟ್ಲಿಗೂ ಬಲಗಾಲ್ನೇ ಮೊದ್ಲು ಇಳಿಸ್ತಿದ್ರಿ. ನೋಯೋ ಕಾಲ್ಗೆ ಭಾರ ಬೀಳ್ದಂಗೆ ಇಳಿಯೋರು ಅಂಗೇ ಇಳಿಯೋದು.”

ರಂಜನಿ ಬಲಗಾಲನ್ನು ಮೆಲ್ಲಗೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು. ಅವನ ಕಣ್ಣು ಅಲ್ಲಿಗೂ ಹೋಗಿಬಂತು.

“ಅಷ್ಟು ಮೆಟ್ಟಿಲಿಗೂ ಹನ್ನೊಂದು ಜನರ ಕಾಲು ನೋಡಿದ್ರಾ?”

ಮನು ಲೋಟ ತಿರುಗಿಸುತ್ತ ಕೂತ. ಕಿವಿ ಕೆಂಪಗಾಗಿತ್ತು.

“ನೋಡ್ಬೇಕಿತ್ತು. ನಿಮ್ದೊಂದೇ ನೋಡ್ದೆ. ಇಂಗೆ ಒಬ್ರನ್ನೇ ನೋಡ್ಕೊಂಡಿರೋನು ಬೆಟ್ಟಕ್ಕೆ ಜನ ಕರ್ಕೊಂಡೋಗಬಾರ್ದು ಮೇಡಂ. ಯಾರಿಗಾದ್ರೂ ಎಚ್ಚುಕಮ್ಮಿ ಆದ್ರೆ?”

ಲಿಸ್ಟನ್ನು ಮಗುಚಿದ. ಹಿಂದೆ, ‘ಕರೆದೊಯ್ಯುವವರು: ಮನು’ ಎಂಬುದರ ಮೇಲೂ ಅದೇ ಕೆಂಪು ಗೀಟು.

“ನಂಗೆ ಬೆಟ್ಟ ಹತ್ತೋದು ಕಲಿಸ್ದೋನು ರಜನೀಶ. ಶನಿವಾರ ಅವ್ನೇ ಎಲ್ರುನೂ ಇನ್ನೊಂದ್ಸಲ ಇಳಿಸಿ ನೋಡಿ, ಕರ್ಕೊಂಡೋಯ್ತಾನೆ.”

ಬೆಟ್ಟವೂ ಇಲ್ಲ, ಫೋನೂ ಇಲ್ಲ. ಎಲ್ಲ ಇಲ್ಲಿಗೇ ಮುಗಿದುಹೋಯಿತಾ?

“ಮತ್ತೆ ಭಾನುವಾರ ನೀವೇನು ಮಾಡ್ತೀರಿ?”

“ನಿಮ್ಮನೇಗೆ ಬತ್ತೀನಿ. ನಿಮ್ಮಪ್ಪಾರ ಹತ್ರ ಮಾತಾಡ್ಬೇಕು. ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬುಡಿ.”

ಅಪ್ಪ ತಿರುನಾರಾಯಣ ಮೇಷ್ಟ್ರು! ಮಗಳು ಫೋನಿನಲ್ಲಿ ಸ್ವಲ್ಪ ನಕ್ಕರೂ ಪಕ್ಕದ ಕೋಣೆಯಿಂದ ಜೋರಾಗಿ ಕೆಮ್ಮುವ ಮನುಷ್ಯ. ಆದರೂ ರಂಜನಿ ಲಿಸ್ಟನ್ನು ಮತ್ತೆ ಮಗುಚಿ, ‘ಯಾರೂ ಒಬ್ಬರೇ ಹೋಗಬಾರದು’ ಅನ್ನುವ ಮೊದಲನೇ ಸಾಲಿನ ಮೇಲೆ ಬೆರಳಿಟ್ಟಳು.

“ಈ ರೂಲ್ ಮಾಡಿದ್ದು ನೀವೇ ತಾನೆ? ನಮ್ಮನೆ ಗೇಟಿನ ಹತ್ರ ನಿಂತಿರ್ತೀನಿ, ಕುಂಟ್ಕೊಂಡಾದ್ರೂ ಸರಿ. ಇಬ್ರೂ ಒಟ್ಟಿಗೇ ಒಳಗೆ ಹೋಗೋಣ.”